ಇಪ್ಪತ್ತೆರಡು ಚಪ್ಪಲಿ

ಪಡುಕರೆಯಲ್ಲಿ ನಮ್ಮ ಮನೆಗೆ ಎರಡು ನೀರು.
ಎದುರು ಕಡಲು, ಹಿತ್ತಲಿಗೆ ಹೊಳೆ.
ನಡುವಿನ ಮರಳಿನಲ್ಲಿ ನಾಲ್ಕು ಕೋಣೆ ಕಟ್ಟಿಸಿ
ಬಾಡಿಗೆಗೆ ಕೊಡುತ್ತೇನೆ. ವಾರಿಜಾ ಕುಂದರ್,
ಬೋರ್ಡಿನಲ್ಲಿ ಹೆಸರು ಉಂಟು.

ಪರೀಕ್ಷೆ ಮುಗಿಸಿದವರು ಬರುತ್ತಾರೆ.
ಶುಕ್ರವಾರ ಸಂಜೆ ಹನ್ನೊಂದು ಮಂದಿ,
ಆರು ಬೈಕು, ಒಂದು ಸ್ಪೀಕರು,
ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ
ನನಗೆ ಕಾಣದ ಹಾಗೆ ಒಳಗೆ ಸಾಗಿಸಿದರು.
ಕಟ್ಟಿದ ಕಾಗದ ನೋಡಿಯೇ
ಬಂಗುಡೆಯೋ ಬೂತಾಯಿಯೋ ಹೇಳುವವಳಿಗೆ
ಟವೆಲು ಎಂತ ಮುಚ್ಚುತ್ತದೆ?

ಕೀ ಕೊಡಿ ಎಂದೆ. ಆರನ್ನೂ
ಉಪ್ಪಿನ ಭರಣಿಗೆ ಹಾಕಿದೆ.
"ಆಂಟಿ, ನಾವೇನು ಸಣ್ಣ ಮಕ್ಕಳಾ?"
ಅಲ್ಲ ಮಾರಾಯ. ಸಣ್ಣ ಮಕ್ಕಳು
ಬೈಕು ಬಿಡುವುದಿಲ್ಲ.

ಕಡಲು ತೋರಿಸಿ ಹೇಳಿದೆ:
ಅಲೆ ಹೊಡೆಯುವಲ್ಲಿ ಅಲ್ಲ ಹೆದರಿಕೆ.
ನೋಡಿ ಅಲ್ಲಿ, ಎರಡು ನೊರೆಯ ನಡುವೆ
ಇಸ್ತ್ರಿ ಹಾಕಿದ ಹಾಗೆ ನುಣ್ಣಗೆ ಉಂಟಲ್ಲ,
ಅದು ಒಳಗೆ ಎಳೆಯುತ್ತದೆ.
ಸಿಕ್ಕಿದರೆ ದಡಕ್ಕೆ ಈಜಬೇಡಿ, ಅಡ್ಡಕ್ಕೆ ಈಜಿ.
ಕುಡಿದ ಮೇಲೆ ಇಳಿಯಲೇ ಬೇಡಿ.
ತಲೆಯಾಡಿಸಿದರು.
ಒಬ್ಬ ಆ ನುಣುಪಿನ ಫೋಟೋ ತೆಗೆದ.

ಮತ್ತೆ ನನ್ನ ಲೆಕ್ಕ.
ಜಗಲಿಯ ಮೆಟ್ಟಿಲಲ್ಲಿ ಚಪ್ಪಲಿ ಇಪ್ಪತ್ತೆರಡು.
ಹತ್ತಕ್ಕೆ ಇಪ್ಪತ್ತೆರಡು.
ಹನ್ನೆರಡಕ್ಕೆ ಎದ್ದು ನೋಡಿದರೆ ಒಂದು ಮಗುಚಿತ್ತು,
ಜಗಳ ಬೇಡವೆಂದು ಸರಿಮಾಡಿದೆ. ಇಪ್ಪತ್ತೆರಡು.
ಕೋಣೆಯಲ್ಲಿ ಆಲ್ವಿನ್ ಎಂಬ ಹುಡುಗ
ಅಂಗಾತ ಬಿದ್ದಿದ್ದ. ಮಗ್ಗುಲಿಗೆ ತಿರುಗಿಸಿ
ಬೆನ್ನಿಗೆ ದಿಂಬು ಕೊಟ್ಟು
ಗೆಳೆಯನೊಬ್ಬನನ್ನು ಪಕ್ಕ ಕೂರಿಸಿದೆ:
ವಾಂತಿ ಬಂದರೆ ಗಂಟಲಿಗೆ ಸಿಗಬಾರದು.
ಇವನ ಉಸಿರು ಕೇಳುತ್ತಾ ಇರು, ಹಾಡನ್ನಲ್ಲ.
ಕರೆದರೆ ಏಳದಿದ್ದರೆ ನನ್ನನ್ನು ಎಬ್ಬಿಸು,
ಆಸ್ಪತ್ರೆಗೆ ಹೋದರೆ ಮರ್ಯಾದೆ ಹೋಗುವುದಿಲ್ಲ.

ಎರಡೂವರೆಗೆ ಇಪ್ಪತ್ತು.

ಹಸಿರು ಪಟ್ಟಿಯ ಜೋಡಿ ಇಲ್ಲ.
"ಪ್ರಣತಿಯಾ? ಇಲ್ಲೇ ಇದ್ದಳು ಆಂಟಿ,"
ನಾಲ್ಕು ಬಾಯಿ ಒಟ್ಟಿಗೆ.
ಇಲ್ಲೇ ಎಂಬುದು ಎಷ್ಟು ದೊಡ್ಡ ಜಾಗವೆಂದು
ಕಡಲಿಗೆ ಹೋದವರ ಮನೆಯವರನ್ನು ಕೇಳಬೇಕು.

ಟಾರ್ಚು ಹಿಡಿದು ಇಳಿದೆ.
ಚಪ್ಪಲಿ ಮನೆಯಲ್ಲಿ ಕಾಣಬೇಕು,
ಮರಳಲ್ಲಿ ಕಾಣಬಾರದು.

ಕಂಡಿತು.

ಬದಿಬದಿಗೆ ಇಟ್ಟದ್ದು, ಮೂತಿ ಕಡಲ ಕಡೆ.
ನೈಟಿ ಮೊಣಕಾಲಿನವರೆಗೆ ಒದ್ದೆಯಾದದ್ದು
ಆಮೇಲೆ ಗೊತ್ತಾಯಿತು. ಎಷ್ಟು ಸಲ ಕೂಗಿದೆನೋ.

"ಆಂಟಿ."
ಹಿಂದಿನಿಂದ.
ಜಯಂತಣ್ಣನ ಪಾತಿಯೊಳಗೆ, ಬಲೆಯ ರಾಶಿಗೆ ಒರಗಿ,
ಫೋನಿನ ಬೆಳಕಲ್ಲಿ ಅರ್ಧ ಮುಖ.
ಕೈ ಮಂಜುಗಡ್ಡೆ.

"ಗ್ಲಾಸು ಇಟ್ಟು ಬಾತ್‌ರೂಮಿಗೆ ಹೋಗಿದ್ದೆ.
ಅರ್ಧ ಇತ್ತು. ಬಂದಾಗ ತುಂಬಿತ್ತು.
ಕುಡಿ, ಕುಡಿ ಅಂದ. ಚೆಲ್ಲಿ ಬಂದೆ."

ಯಾರು?

"ಸಂಜೆ ಬೀಚಲ್ಲಿ ಪರಿಚಯ ಆದವನು.
ನಮ್ಮವನಲ್ಲ."

ಹನ್ನೊಂದರಲ್ಲಿ ಹನ್ನೆರಡನೆಯವನು.
ಬೂಟು ಹಾಕಿದ್ದನಂತೆ,
ಬಿಚ್ಚದೆಯೇ ತಾರಸಿ ಹತ್ತಿದ್ದನಂತೆ.
ನಾನು ಕೆಳಗೆ ಚಪ್ಪಲಿ ಎಣಿಸುತ್ತಿದ್ದೆ.

ನಾವು ಬರುವಾಗ ಹೊಳೆಬದಿಯ ಗೇಟು ತೆರೆದಿತ್ತು.
ಚೆಲ್ಲಿದ್ದರ ಮೇಲೆ ಬೂಟಿನ ಅಚ್ಚು.
ಯಾರೂ ಒರೆಸಬೇಡಿ ಎಂದು
ಅದರ ಮೇಲೆ ಬೋಗುಣಿ ಕವುಚಿಟ್ಟೆ,
ಮಲ್ಪೆ ಠಾಣೆಗೆ ಫೋನು ಮಾಡಿದೆ.
"ಅಪ್ಪನಿಗೆ ಬೇಡ ಆಂಟಿ."
ಅಪ್ಪನಿಗೆ ನೀನು ಹೇಳುವಾಗ ಹೇಳು.
ಚೆಲ್ಲಿದವಳ ತಪ್ಪು ಹುಡುಕಲಿಕ್ಕೆ
ನನ್ನ ಟಾರ್ಚಿನಲ್ಲಿ ಬ್ಯಾಟರಿ ಇಲ್ಲ.

ಬೆಳಿಗ್ಗೆ ಗಂಜಿ, ಮಿಡಿ ಉಪ್ಪಿನಕಾಯಿ.
ಹತ್ತು ಮಂದಿ ತಲೆ ಎತ್ತದೆ ಉಂಡರು.
ಪ್ರಣತಿ ಎರಡು ಬಟ್ಟಲು, ಸದ್ದು ಮಾಡಿಕೊಂಡು.

ಹೊರಡುವಾಗ ಅವಳೇ ಗೇಟಿನಲ್ಲಿ ನಿಂತು
ಬೆರಳು ಮಡಚಿ ಎಣಿಸಿದಳು.
ಹತ್ತು, ಎಂದಳು. ಗಾಬರಿಯಿಂದ ಮತ್ತೆ ಎಣಿಸಿದಳು.
ನಿನ್ನನ್ನೂ ಸೇರಿಸು, ಎಂದೆ.

ಆಲ್ವಿನ್ ಕೀ ತಿರುಗಿಸಿದ.
ಉಪ್ಪು ಕರಕರ ಎಂದಿತು, ಬೈಕು ಹೊರಡಲಿಲ್ಲ.
"ಆಂಟೀ..."
ತಳ್ಳಿಕೊಂಡು ಹೋಗು ಮಾರಾಯ,
ಸೇತುವೆಯ ಆಚೆ ಗ್ಯಾರೇಜು ಉಂಟು.